ಬರಕೂಡದು, ಬರಬೇಕಂತಿಲ್ಲ

ಶನಿವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಅಮ್ಮ, ಯಾಕೆ ಒಂಥರಾ ಇದ್ದೀಯ ಅಂತ ನೀನು ಫೋನಿನಲ್ಲಿ ಕೇಳಿದೆ. ಕೆಲಸ ಜಾಸ್ತಿ ಅಂದೆ. ಜಾಸ್ತಿ ಇರೋದು ನಿಜ. ಆದರೆ ಮೊನ್ನೆ ಒಬ್ಬರ ಪ್ಯಾಂಟಿನ ಎಡಗಾಲನ್ನು ಮಾತ್ರ ಗಿಡ್ಡ ಮಾಡಿ, ಬಲಗಾಲನ್ನು ಹಾಗೇ ಬಿಟ್ಟು, ಇಸ್ತ್ರಿ ಹಾಕಿ ಕೊಟ್ಟುಬಿಟ್ಟೆ. ಅದು ಕೆಲಸ ಜಾಸ್ತಿಯಾಗಿ ಆದದ್ದಲ್ಲ. ನಿನ್ನ ಮಕ್ಕಳ ಗಲಾಟೆ ನಡುವೆ ಫೋನಿನಲ್ಲಿ ಹೇಳೋಕಾಗಲ್ಲ, ಅದಕ್ಕೇ ಬರೀತಿದ್ದೀನಿ.

ನಮ್ಮ ಭಾಷೆ ಬಾರದ ಇಲ್ಲಿನ ಗಿರಾಕಿಗಳ ಹತ್ತಿರ ಕೈಸನ್ನೆ ಮಾಡಿ ಸಾಕಾಗಿ ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಸೇರಿದ್ದು ನಿನಗೆ ಗೊತ್ತು. ಅಲ್ಲಿ ಟೀಚರಮ್ಮ ನಮ್ಮನ್ನು ಜೋಡಿ ಜೋಡಿಯಾಗಿ ಕೂರಿಸಿ ಮಾತಾಡಿಸ್ತಾರೆ, ರೆಕಾರ್ಡ್ ಮಾಡಿ ಕೇಳಿಸ್ತಾರೆ. ನನ್ನ ಜೋಡಿ ಬೀಗದ ಅಂಗಡಿಯವರು. ನಮ್ಮ ಭಾಷೆ ಅವರಿಗೆ ಬರಲ್ಲ, ಅವರದು ನನಗೆ ಬರಲ್ಲ. ಇಬ್ಬರ ನಡುವೆ ಇರೋದು ಆ ಮುರುಕು ಇಂಗ್ಲಿಷ್ ಒಂದೇ.

ರೆಕಾರ್ಡ್ ಕೇಳಿ ಟೀಚರಮ್ಮ ನಕ್ಕರು. ನಮ್ಮ 'ಬೇಕು'ಗೆಲ್ಲ ನಾನು 'ಮಸ್ಟ್' ಹಾಕ್ತೀನಂತೆ, 'ಬಹುದು'ಗೆಲ್ಲ 'ಕ್ಯಾನ್'. ನೀರು ಕುಡಿಯಬೇಕು, ಕನ್ನಡಕ ಬದಲಾಯಿಸಬೇಕು ಅಂತ ಆ ಮನುಷ್ಯನಿಗೆ ಉಪಚಾರ ಹೇಳಿದ್ದೆಲ್ಲ ಪೊಲೀಸರ ಅಪ್ಪಣೆ ಥರ ಕೇಳಿಸಿತಂತೆ. 'ಮೈಟ್', 'ಕುಡ್' ಥರದ ಮೆತ್ತಗಿನ ಮಾತುಗಳನ್ನು ನಾವು ಪುಸ್ತಕದಲ್ಲಿ ಓದ್ತೀವಿ, ಮಾತಿಗೆ ಕೂತಾಗ ನುಂಗಿಬಿಡ್ತೀವಿ ಅಂದರು. ಬೀಗದವರು ಮಾತ್ರ, ಪರವಾಗಿಲ್ಲ, ನನಗೆ ಅಪ್ಪಣೆ ಕೊಡೋರು ಬೇರೆ ಯಾರೂ ಇಲ್ಲ ಅಂದರು.

ಕಳೆದ ವಾರ ಅವರು, ಅಂಗಡಿ ಖಾಲಿ ಮಾಡ್ತಿದ್ದೀನಿ, ಸಮುದ್ರದ ಕಡೆ ತಮ್ಮನ ಜೊತೆ ಕೆಲಸ ಸಿಕ್ಕಿದೆ ಅಂದರು. ಆಮೇಲೆ 'ಕುಡ್' ಹಾಕಿ, ಮೆಲ್ಲಗೆ, ನೀವೂ ಬರಬಹುದಲ್ಲ ಅಂದರು. ತಮಾಷೆಯಲ್ಲಿ ತೇಲಿಸೋಣ ಅಂತ, ಬರಲೇಬೇಕಂತಿಲ್ಲವಲ್ಲ ಅನ್ನೋಕೆ ಹೋಗಿ, 'ಐ ಮಸ್ಟ್ ನಾಟ್ ಕಮ್' ಅಂದುಬಿಟ್ಟೆ. ಅವರು ಸಾರಿ ಅಂದು ಪುಸ್ತಕ ಮುಚ್ಚಿದರು. ಮುಂದಿನ ಕ್ಲಾಸಿಗೆ ಬರಲಿಲ್ಲ. ಅವತ್ತೇ ಟೀಚರಮ್ಮ ಬೋರ್ಡಿನ ಮೇಲೆ ಬರೆದು ತಿಳಿಸಿದರು: 'ಮಸ್ಟ್ ನಾಟ್' ಅಂದರೆ ಕೂಡದು. ಬೇಕಂತಿಲ್ಲ ಅನ್ನೋಕೆ ಬೇರೆಯೇ ಮಾತಿದೆ.

ಅವತ್ತಿಂದ ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಸೂಜಿಗೆ ದಾರ ಪೋಣಿಸ್ತೀನಿ, ಎಳೆದು ತೆಗೀತೀನಿ. ಬಾಗಿಲ ತನಕ ಹೋಗ್ತೀನಿ, ಬರ್ತೀನಿ. ನಿನ್ನಪ್ಪ ಹೋದಮೇಲೆ ಏನು ಮಾಡಬೇಕು, ಏನು ಮಾಡಕೂಡದು ಅಂತ ಹೇಳೋರು ಬೇಕಾದಷ್ಟು ಜನ ಬಂದರು ಪುಟ್ಟಿ. ಏನು ಮಾಡಬಹುದು ಅಂತ ಯಾರೂ ಕೇಳಿರಲಿಲ್ಲ.

ನಿನ್ನೆ ಊಟದ ಹೊತ್ತಿನಲ್ಲಿ ಅವರ ಅಂಗಡಿಗೆ ಹೋದೆ. ಷಟರ್ ಅರ್ಧ ಇಳಿದಿತ್ತು, ಬಗ್ಗಿ ನುಗ್ಗಿದೆ. ಕೀ ಕೊರೆಯೋ ಮಷಿನ್ನನ್ನು ಹಳೇ ಕಂಬಳಿಯಲ್ಲಿ ಸುತ್ತುತ್ತಿದ್ದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ವಾಕ್ಯ ಬಾಗಿಲಲ್ಲೇ ಹಾರಿಹೋಯಿತು. ಅವತ್ತಿನ ಮಾತು ತಪ್ಪು, ಅರ್ಥ ಅದಲ್ಲ ಅಂತ ತಡವರಿಸಿದೆ. ಕೊನೆಗೆ 'ಐ ಮೈಟ್', ಬಂದರೂ ಬಂದೇನು, ಅಂದೆ.

ಅವರು ಕೈಯಲ್ಲಿದ್ದ ಹಗ್ಗ ಕೆಳಗಿಟ್ಟರು. "ಮೈಟ್ ಅಂದರೆ ಎಷ್ಟು?" ಅಂತ ಕೇಳಿದರು.

ಎಷ್ಟು ಅಂತ ನನಗೆ ಗೊತ್ತಿದ್ದರಲ್ಲವೇ ಹೇಳೋದು! ಮೊದಲು ಮಗಳಿಗೆ ತಿಳಿಸಬೇಕು ಅಂದೆ. ಅಲ್ಲಿ ಮಾತ್ರ 'ಮಸ್ಟ್' ಸರಿಯಾಗಿತ್ತು. ಅವರು ನಕ್ಕರು. ಪ್ಯಾಕಿಂಗಿಗೆ ನಾನೂ ಕೈಹಾಕಿದೆ.

ಇನ್ನೂ ಏನೂ ತೀರ್ಮಾನ ಆಗಿಲ್ಲ. ನಿನಗೆ ಕೋಪ ಬಂದರೆ ಬೈದು ಬರೆ, ಆದರೆ ಬರೆಯದೆ ಮಾತ್ರ ಇರಬೇಡ. ಮೊಮ್ಮಕ್ಕಳಿಗೆ ಮುತ್ತು.

ನಿನ್ನ ಉತ್ತರದ ದಾರಿ ಕಾಯುತ್ತಾ,
ಅಮ್ಮ

ತಾ.ಕ.: ತೀರ್ಮಾನ ಆಗಿಲ್ಲ ಅಂತ ಬರೆದದ್ದು ನಿನಗೆ ಹೆದರಿ. ನನ್ನ ಹೊಲಿಗೆ ಮಷಿನ್ನು ಬೆಳಿಗ್ಗೆಯೇ ಅವರ ಸಾಮಾನಿನ ಲಾರಿಯಲ್ಲಿ ಹೋಯಿತು. ಉತ್ತರವನ್ನು ಲಕೋಟೆಯ ಹಿಂದಿರುವ ಸಮುದ್ರದ ಕಡೆಯ ವಿಳಾಸಕ್ಕೆ ಹಾಕು.