ರಸ್ತೆಗೆ ಮುಖವಿರುವ ಪಾಲು

ಜುಲೈ ೪೭, ಇಸವಿ ೨೧೮೬

ತೆಗ್ಗಿನಕೊಪ್ಪದ ಅಡಿವೆಪ್ಪಜ್ಜನವರಿಗೆ, ನಿಮ್ಮ ವಂಶದ ಐದನೇ ತಲೆಮಾರಿನ ದಾನವ್ವ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಮಳೆ ನಿಲ್ಲುವವರೆಗೆ ಜುಲೈ ಮುಗಿಯುವುದಿಲ್ಲ. ಹೋದ ವರ್ಷ ಅರವತ್ತೊಂದರವರೆಗೆ ಹೋಗಿತ್ತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಶಾಲೆ ಕಂಡವಳಲ್ಲ. ನಿಮ್ಮ ಕಾಲದ ಕನ್ನಡವನ್ನು ಕಲಿತದ್ದು ನಮ್ಮ ಛಾವಣಿಗೆ ಹೊದಿಸಿದ ಹಳೆಯ ಅಂಗಡಿ ಬೋರ್ಡುಗಳನ್ನು ಮಲಗಿಕೊಂಡು ಓದಿ. ನಿಮಗೀಗ ನಲವತ್ತೆರಡು, ನನಗೆ ಎಪ್ಪತ್ತೊಂಬತ್ತು. ಆದರೂ ಅಜ್ಜ ನೀವೇ, ಬೈಯುವ ಹಕ್ಕೂ ನಿಮ್ಮದೇ. ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಒಂದು ಮನೆತನಕ್ಕೆ ಒಂದೇ ಕಾಗದ. ಇದು ನಮ್ಮದು.

ಬರುವ ಸೋಮವಾರ ನಿಮ್ಮ ಎಂಟೆಕರೆ ಹೊಲ ಪಾಲಾಗುತ್ತದೆ. ಹುಬ್ಬಳ್ಳಿಗೆ ಹೋಗುವ ರಸ್ತೆ ಅಗಲವಾಗಿದೆ, ಅಕ್ಕಪಕ್ಕ ಲೇಔಟುಗಳು ಏಳುತ್ತಿವೆ, ಯೋಜನಾ ಕಚೇರಿಯಿಂದ ಒಬ್ಬ ಹೆಣ್ಣುಮಗಳು ನಕ್ಷೆ ಹಿಡಿದು ಹೊಲಕ್ಕೇ ಬರುತ್ತಾಳೆ. ಆ ದಿನ ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟ ನಿಮ್ಮೆಲ್ಲರ ಮಾತು ನಮ್ಮಲ್ಲಿ ಉಳಿದಿದೆ. ಅದು ನನಗೆ ಬಾಯಿಪಾಠ. ನಿಮ್ಮ ತಮ್ಮ ಫಕ್ಕೀರಪ್ಪಜ್ಜ ಹೀಗೆನ್ನುತ್ತಾರೆ: “ಯಣ್ಣಾ, ನೀ ರೋಡಿಗೆ ಕುಂತು ನನ್ನ ಹಿಂದಕ ತಳ್ತೀಯೇನು? ನಾ ಏನ್ ಜೀವನಾ ಪೂರ್ತಿ ನಿನ್ನ ಬೆನ್ನ ನೋಡ್ಕೋಂತ ಕುಂದರ್ಲಿ?” ತಂಗಿ ನೀಲಗಂಗಮ್ಮ ಬಿಡುವವರಲ್ಲ: “ಹೆಣ್ಮಗಳಂತ ನನ್ನ ಹಿತ್ತಲಕ್ಕ ಹಾಕಬ್ಯಾಡ್ರಿ ಮತ್ತ. ನಿಮ್ಮ ಪಾಲಿಗೆ ರೋಡ್ ಬೇಕು, ನನ್ನ ಪಾಲಿಗೆ ಬ್ಯಾಡೇನು?” ನಕ್ಷೆಯ ಹುಡುಗಿ ಮೆಲ್ಲಗೆ, “ನಕ್ಷೆಯಾಗ ಇಲ್ಲೊಂದು ಅಡ್ಡರಸ್ತಿ ಐತ್ರಿ, ಅದರ ಬಾಜೂಕ ಹಳ್ಳದ ಜಾಗ ಐತ್ರಿ, ಅದನ್ನ ಬಿಡಬೇಕ್ರಿ” ಎನ್ನುತ್ತಾಳೆ. ಆಗ ನೀವು ನಗುತ್ತೀರಿ ಅಜ್ಜ. “ಆ ಹಳ್ಳದಾಗ ನೀರು ಕಂಡು ಹದಿನೆಂಟು ವರ್ಷಾತು ಬಾಯಾರ. ಈಗ ಅಲ್ಲಿ ಓಡಾಡೂದು ನಮ್ಮ ಫಕ್ಕೀರನ ಆಡು ಅಷ್ಟ!” ಎಲ್ಲರೂ ನಗುತ್ತಾರೆ. ಹುಡುಗಿಯೂ ನಗುತ್ತಾಳೆ.

ಆಮೇಲೆ ಅಡ್ಡರಸ್ತೆ ಯಾರ ಪಾಲಿನಿಂದ ಹೋಗಬೇಕೆಂದು ಮಾತು ಬರುತ್ತದೆ. ಒಬ್ಬರು ಬಿಟ್ಟರೆ ಇನ್ನೊಬ್ಬರಿಗೆ ಹೆಚ್ಚಾಯಿತು. ಆದ್ದರಿಂದ ಯಾರೂ ಬಿಡುವುದಿಲ್ಲ. ಮುನ್ನೂರ ಮೂವತ್ತು ಅಡಿಯ ಮುಂಭಾಗವನ್ನು ಹಗ್ಗ ಹಿಡಿದು ನೂರಾ ಹತ್ತರಂತೆ ಮೂರು ಉದ್ದುದ್ದ ಪಟ್ಟಿ ಮಾಡುತ್ತೀರಿ, ಹಳ್ಳವನ್ನೂ ಸೇರಿಸಿ. ಪ್ರತಿ ಪಾಲಿಗೂ ರಸ್ತೆಯ ಕಡೆ ಮುಖ. ನೀವು ದುರಾಸೆಗೆ ಮಾಡಿದಿರಿ ಎಂದು ನಾನು ಯಾವತ್ತೂ ಅಂದಿಲ್ಲ. ಒಡಹುಟ್ಟಿದವರಲ್ಲಿ ಸಮ ಇರಲಿ ಎಂದು ಮಾಡಿದಿರಿ. ಆದರೆ ಹದಿನೆಂಟು ಕಿಲೋಮೀಟರಿನುದ್ದಕ್ಕೂ ಪ್ರತಿ ಮನೆತನವೂ ಅದನ್ನೇ ಮಾಡಿತು. ನಿಮ್ಮ ಮಕ್ಕಳು ಐವತ್ತೈದು ಅಡಿ ಮಾಡಿಕೊಂಡರು, ಅವರ ಮಕ್ಕಳು ಅದರರ್ಧ. ಸೀಳುತ್ತಾ ಸೀಳುತ್ತಾ ಏಳಡಿಗೆ ಬಂದು ನಿಂತೆವು.

ನಾವಿರುವುದು ದಾರಮನೆಯಲ್ಲಿ. ಏಳಡಿ ಅಗಲ, ಸಾವಿರ ಅಡಿ ಉದ್ದ, ಒಂದರ ಹಿಂದೆ ಒಂದು ಮೂವತ್ತೊಂದು ಕೋಣೆ, ಕೋಣೆಗೊಂದು ಸಂಸಾರ. ಮುಂದಿನ ಬಾಗಿಲಿಗೆ ಹೋಗಲು ಎಲ್ಲರ ಕೋಣೆಯನ್ನೂ ದಾಟಬೇಕು; “ಹಾಯ್ತೀನ್ರೀ” ಎಂದು ಕೂಗಿ, ಅವರು ಮುಖ ತಿರುಗಿಸಿಕೊಂಡ ಮೇಲೆ ಹೋಗಬೇಕು. ಉಣ್ಣುವವರ ಎಲೆ ದಾಟಿ ಹೋಗುತ್ತೇವೆ, ಬಾಣಂತಿಯ ತೊಟ್ಟಿಲು ಸರಿಸಿ ಹೋಗುತ್ತೇವೆ. ಹೆಣವನ್ನೂ ಹಾಗೆಯೇ ಒಯ್ಯುತ್ತೇವೆ. ಪಕ್ಕದ ಗೋಡೆಯಾಚೆ ಇನ್ನೊಂದು ದಾರಮನೆ, ಅದರಾಚೆ ಮತ್ತೊಂದು. ಒಂದು ಸಂದಿಯಿಲ್ಲ. ಇನ್ನು ಸೀಳಲಾಗದ್ದರಿಂದ ಈಗ ಸರದಿ ಇಟ್ಟುಕೊಂಡಿದ್ದೇವೆ. ವರ್ಷಕ್ಕೊಮ್ಮೆ ಎಲ್ಲರೂ ಒಂದೊಂದು ಕೋಣೆ ಮುಂದಕ್ಕೆ ಸರಿಯುತ್ತಾರೆ, ರಸ್ತೆಯ ಕೋಣೆಯಲ್ಲಿದ್ದವರು ಕಟ್ಟಕಡೆಯ ಕೋಣೆಗೆ ಹೋಗುತ್ತಾರೆ.

ಆ ಕಡೆಯ ಕೋಣೆಯ ಹಿಂದೆ ಬೆನ್ನುನೀರು ಇದೆ. ನೀವು ನಕ್ಕ ಹಳ್ಳ ಸಾಯಲಿಲ್ಲ ಅಜ್ಜ. ದಿಬ್ಬದ ಮೇಲಿಂದ ಅದು ಈಗಲೂ ಬರುತ್ತದೆ. ದಾಟಲು ಜಾಗವಿಲ್ಲದೆ ಹದಿನೆಂಟು ಕಿಲೋಮೀಟರ್ ಗೋಡೆಗೆ ಒರಗಿ ನಿಲ್ಲುತ್ತದೆ. ನನ್ನ ಬಾಲ್ಯದಲ್ಲಿ ಗೋಡೆಯ ಒದ್ದೆ ಮೊಣಕಾಲಿನವರೆಗಿತ್ತು. ಮೊನ್ನೆ ನನ್ನ ಗದ್ದದ ಮಟ್ಟಕ್ಕೆ ಬಂತು. ಈ ಬೆಳಿಗ್ಗೆ ಎರಡು ಇಟ್ಟಿಗೆಗಳ ನಡುವೆ ನೀರು ಬೆವರಿನಂತೆ ಹನಿಯುತ್ತಿತ್ತು. ಗೋಡೆಗೆ ಕಿವಿಯಿಟ್ಟರೆ ಯಾರೋ ಹಲ್ಲು ಕಡಿಯುವ ಸದ್ದು ಕೇಳುತ್ತದೆ. ನಾಲ್ಕು ಮನೆಯಾಚೆ ಹೋದ ವರ್ಷ ಹಿಂದಿನ ಗೋಡೆ ಬಿತ್ತು. ಹತ್ತೊಂಬತ್ತು ಕೋಣೆಯವರೆಗೆ ನೀರು ನುಗ್ಗಿತು. ಅಲ್ಲಿಂದ ಯಾರೂ “ಹಾಯ್ತೀನ್ರೀ” ಎನ್ನುತ್ತಾ ಮುಂದೆ ಬರಲಿಲ್ಲ.

ಈ ವರ್ಷ ಕಡೆಯ ಕೋಣೆ ನನ್ನ ಮೊಮ್ಮಗಳು ಹೊನ್ನಿಯ ಸರದಿ. ಅವಳ ಗಂಡ ತೀರಿಕೊಂಡಿದ್ದಾನೆ, ಅವಳಿಗೀಗ ಎಂಟು ತಿಂಗಳು. ಕಾಲು ಬಾತು, ಗೋಡೆ ಹಿಡಿದು ನಡೆಯುತ್ತಾಳೆ. ನನ್ನದು ರಸ್ತೆಯಿಂದ ಒಂಬತ್ತನೇ ಕೋಣೆ. ಅವಳು ಅಲ್ಲಿರಲಿ, ನಾನು ಹಿಂದೆ ಇರುತ್ತೇನೆ ಎಂದು ಮನೆಯ ಕೂಟದಲ್ಲಿ ಕೇಳಿದೆ. ಕೆಟ್ಟವರಲ್ಲ ಅವರು, ಹೊನ್ನಿಗೆ ದಿನಕ್ಕೊಬ್ಬರು ಸಾರು ಮಾಡಿ ಕಳಿಸುವವರೇ. ಆದರೆ ನನ್ನ ತಮ್ಮನ ಮಗ ತಲೆ ತಗ್ಗಿಸಿ, “ಹಿರೇ ಮನಶ್ಯಾಳು ನೀನ ಸರದಿ ಮುರಿದ್ರ ಉಳಿದವರು ಕೇಳ್ತಾರೇನ್ಬೇ ಅತ್ತೀ? ನಾಳೆ ನನ್ನ ಮಗಳ ಸರದಿ ಬರ್ತೈತಿ, ಆಕಿಗೆ ಯಾರು ಕೋಣಿ ಬಿಡ್ತಾರ?” ಎಂದ. ಸಮ ಎಂದರೆ ಸಮ. ಸರದಿ ಬಿಟ್ಟು ಮನೆಯಿಂದ ಹೊರಟವರಿಗೆ ಮತ್ತೆ ಬಾಗಿಲಿಲ್ಲ. ನಾನೇ ಅವಳ ಕೋಣೆಗೆ ಬಂದು ಕೂತಿದ್ದೇನೆ. ಇಬ್ಬರೂ ಗೋಡೆಯ ಕಡೆ ನೋಡದೆ ಮಾತಾಡುತ್ತೇವೆ. ಅವಳಿಗೆ ಹೆಣ್ಣು ಬೇಕಂತೆ.

ಅಜ್ಜ, ಸೋಮವಾರ ಆ ಹುಡುಗಿ ನಕ್ಷೆ ಬಿಚ್ಚಿದಾಗ ನಗಬೇಡಿ. ಅಡ್ಡರಸ್ತೆಯ ನಲವತ್ತು ಅಡಿ, ಹಳ್ಳದ ಅಗಲ, ಎರಡನ್ನೂ ನಿಮ್ಮ ಒಬ್ಬರ ಪಾಲಿನಿಂದಲೇ ಬಿಡಿ. ತಮ್ಮನಿಗೆ, ತಂಗಿಗೆ ಮುಂದಿನ ಜಾಗ ಕೊಟ್ಟು, ನೀವು ಅಡ್ಡರಸ್ತೆಯ ಒಳಗಡೆ ಹೋಗಿ ಮನೆ ಕಟ್ಟಿಕೊಳ್ಳಿ. ಊರು ನಿಮ್ಮನ್ನು ದಡ್ಡ ಅಂದೀತು. ನಿಮ್ಮ ಹೆಂಡತಿ ಮೂರು ದಿನ ಮಾತು ಬಿಟ್ಟಾರು. ಅದು ಅನ್ಯಾಯವೇ, ಅಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ಯಾರಾದರೊಬ್ಬರು ಕಡಿಮೆ ಪಾಲು ತೆಗೆದುಕೊಳ್ಳದೆ ದಾರಿ ಎಂಬುದು ಹುಟ್ಟುವುದಿಲ್ಲ. ಇಲ್ಲಿ ಅದನ್ನು ತೆಗೆದುಕೊಳ್ಳಲು ನಾನು ಸಿದ್ಧಳಿದ್ದೇನೆ, ನನ್ನನ್ನು ಬಿಡುತ್ತಿಲ್ಲ. ಅಲ್ಲಿ ನಿಮ್ಮನ್ನು ತಡೆಯುವವರು ಯಾರೂ ಇಲ್ಲ, ನೀವು ಹಿರಿಯರು. ಒಂದು ಹೊಲ ಬಿಟ್ಟರೆ ನೀರು ಅಷ್ಟರಲ್ಲೇ ಹಾದುಹೋಗುತ್ತದೆ.

ಹಾಳೆ ತೇವವಾಗಿ ಅಕ್ಷರ ಹರಡುತ್ತಿದೆ. ಗೋಡೆಯ ಬಳಿಯಿಂದ ಹೊನ್ನಿ ನನ್ನನ್ನು ಕೂಗುತ್ತಿದ್ದಾಳೆ, ದನಿ ಬೇರೆಯಾಗಿದೆ. ಕಡಿಮೆ ಪಾಲು ಒಪ್ಪಿಕೊಳ್ಳಿ ಅಜ್ಜ.