ಖಾಲಿ ಮೇಜಿನ ಲೆಕ್ಕ

ಫೆಬ್ರವರಿ 4, ಮಂಗಳವಾರ

ಇತಿಹಾಸದ ಕಪಾಟಿನಲ್ಲಿ ಮತ್ತೆ ಅಡುಗೆ ಪುಸ್ತಕ. ಯಾರೋ ಹೊಸಬರ ಕೆಲಸ. ನಮ್ಮ ಹಳೆಯ ಓದುಗರು ಸತ್ತರೂ ಹೀಗೆ ಮಾಡುವವರಲ್ಲ. ತೆಗೆದ ಪುಸ್ತಕ ತೆಗೆದಲ್ಲೇ ಇಡಬೇಕು, ಮೇಜಿನ ಮೇಲೆ ಬಿಟ್ಟು ಹೋಗಕೂಡದು — ಹನ್ನೊಂದು ವರ್ಷ ಬೆನ್ನು ಹತ್ತಿ ಕಲಿಸಿದ್ದೇನೆ. ಬೋರ್ಡ್ ಬರೆದು ತೂಗುಹಾಕಿದ್ದೂ ನಾನೇ. ಮಗಳು ಹೇಳುತ್ತಾಳೆ, "ಅಮ್ಮಾ, ನಿಂಗೆ ಶಿಸ್ತು ಅನ್ನೋದು ಒಂದು ಕಾಯಿಲೆ." ಇರಲಿ. ಐದಕ್ಕೆ ಬಾಗಿಲು ಹಾಕುವಾಗ ಆರು ಮೇಜೂ ಖಾಲಿ ಇದ್ದರೆ ನನಗೆ ಮನೆಯಲ್ಲಿ ಊಟ ರುಚಿಸುತ್ತದೆ.

ಟೈಲರಮ್ಮ ಎರಡೂವರೆಗೆ ಸರಿಯಾಗಿ ಬಂದಳು. ಹೊಲಿಗೆ ಅಂಗಡಿಯಲ್ಲಿ ಅವಳಿಗೆ ಸಿಗುವ ಬಿಡುವು ಅದೊಂದೇ, ಒಂದು ಗಂಟೆ. ಬಾಡಿಗೆ ಕೋಣೆಯವಳು, ವಿಳಾಸದ ಕಾಗದ ಇಲ್ಲ, ಹಾಗಾಗಿ ಪುಸ್ತಕ ಮನೆಗೆ ಒಯ್ಯಲು ಲೈಬ್ರರಿ ಕಾರ್ಡ್ ಇಲ್ಲ. ಆರುನೂರ ನಲವತ್ತು ಪುಟದ ಕಾದಂಬರಿಯನ್ನು ಇಲ್ಲೇ ಕೂತು, ಅಕ್ಷರ ಅಕ್ಷರ ಕೂಡಿಸಿಕೊಂಡು, ದಿನಕ್ಕೆ ಐದಾರು ಪುಟದ ಹಾಗೆ ಓದುತ್ತಿದ್ದಾಳೆ. ಹಾಳೆಯ ಮೂಲೆ ಮಡಿಸುವುದಿಲ್ಲ, ನಂಬರ್ ನೆನಪಿಟ್ಟುಕೊಳ್ಳುತ್ತಾಳೆ. "ಇವತ್ತು ನಾನ್ನೂರ ಎಂಬತ್ತೊಂದು, ಮೇಡಂ. ಆ ಹುಡುಗಿ ಗತಿ ಏನಾಗತ್ತೋ!"

ಹೇಳಬೇಡಿ ಅಂತ ಆಣೆ ಹಾಕಿಸಿಕೊಂಡಿದ್ದಾಳೆ. ನನಗೆ ಗೊತ್ತು ಏನಾಗತ್ತೆ ಅಂತ.

ಫೆಬ್ರವರಿ 6, ಗುರುವಾರ

ಮುಖ್ಯ ಕಚೇರಿಯಿಂದ ಪತ್ರ. ಮಾರ್ಚ್ ಒಂದರಿಂದ ಮಧ್ಯಾಹ್ನದ ಓದುವ ಕೋಣೆ ಬಂದ್. ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ಮಾತ್ರ. ಕಾರಣ: ಮೂರು ವರ್ಷಗಳಿಂದ ಕೋಣೆಯ ಬಳಕೆ "ಶೂನ್ಯ".

ಮೊದಲು ನಗು ಬಂತು. ದಿನಾ ಹದಿನೈದು ಇಪ್ಪತ್ತು ಜನ ಕೂತು ಓದುತ್ತಾರೆ, ಶೂನ್ಯವಂತೆ! ಆಮೇಲೆ ಪತ್ರದ ಹಿಂದೆ ಪಿನ್ ಮಾಡಿದ್ದ ಹಾಳೆ ನೋಡಿದೆ. ತಿಂಗಳ ವರದಿ. ಏಳನೇ ಕಾಲಂ — "ಮುಚ್ಚುವ ವೇಳೆ ಮೇಜಿನ ಮೇಲೆ ಉಳಿದ ಪುಸ್ತಕಗಳು". ಅದನ್ನು ನೋಡಿಯೇ ಇಲ್ಲಿ ಎಷ್ಟು ಓದಿದರು ಅಂತ ಲೆಕ್ಕ ಹಾಕುತ್ತಾರಂತೆ.

ನಾನು ಅದು ನಮ್ಮ ಅಚ್ಚುಕಟ್ಟಿನ ಪರೀಕ್ಷೆ ಅಂದುಕೊಂಡಿದ್ದೆ. ಮೂವತ್ತಾರು ತಿಂಗಳು, ಮೂವತ್ತಾರು ಸೊನ್ನೆ. ಒಂದೊಂದೂ ದುಂಡಗೆ, ಹೆಮ್ಮೆಯಿಂದ ಬರೆದದ್ದು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ. ನನ್ನ ಕಾಲಾದರೂ ಆಗಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 7

ಮುಖ್ಯ ಕಚೇರಿಗೆ ಫೋನ್ ಮಾಡಿ ಸಾಹೇಬರಿಗೆ ಎಲ್ಲ ಬಿಡಿಸಿ ಹೇಳಿದೆ.

"ಮೇಡಂ, ಬಾಯಿಮಾತು ಫೈಲಿಗೆ ಹೋಗಲ್ಲ. ಅಂಕಿ ಕಳ್ಸಿ, ನೋಡೋಣ."

ಸರಿ. ಅಂಕಿ ತಾನೇ.

ಫೆಬ್ರವರಿ 8

ಬೋರ್ಡ್ ಇಳಿಸಿದೆ. ಓದಿದ್ದನ್ನು ಮೇಜಿನ ಮೇಲೇ ಬಿಟ್ಟು ಹೋಗಿ ಅಂತ ಎಲ್ಲರಿಗೂ ಹೇಳಿದೆ. ನಾನೇನೋ ಬಟ್ಟೆ ಬಿಚ್ಚಿ ಕುಣಿಯಿರಿ ಅಂದ ಹಾಗೆ ನೋಡಿದರು. ಔಷಧಿ ಅಂಗಡಿಯ ಕಾಂಪೌಂಡರ್ ಕಣ್ಣು ಕಿರಿದು ಮಾಡಿ, "ನಮ್ಮನ್ನ ಪರೀಕ್ಷೆ ಮಾಡ್ತಿದ್ದೀರಾ ಮೇಡಂ?" ಎಂದರು. ಐದಕ್ಕೆ ಎಣಿಸಿದರೆ ಎರಡೇ ಪುಸ್ತಕ. ಅವುಗಳಲ್ಲೊಂದು ನಾನೇ ಮರೆತದ್ದು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ನಾನು ಕಲಿಸಿದ ಗುಣವೂ ಹಾಗೇ.

ಕಾರಣ ಹೇಳಲಿಲ್ಲ. ಮೂರು ವರ್ಷದ ಸೊನ್ನೆಯ ಕಥೆ ಬಾಯಿಬಿಟ್ಟರೆ ಹನ್ನೊಂದು ವರ್ಷದ ಮರ್ಯಾದೆ ಏನಾಗಬೇಕು? "ಹೊಸ ರೂಲ್" ಎಂದಷ್ಟೇ ಹೇಳಿದೆ.

ಫೆಬ್ರವರಿ 14

ಹದಿನೇಳು! ಅಟೆಂಡರ್‌ಗೆ — ಇಡೀ ದಿನ ಗೋಡೆ ಗಡಿಯಾರವನ್ನೇ ನೋಡುವುದರಿಂದ ಅವನ ಹೆಸರೇ ಗಡಿಯಾರ — ಹೊಟ್ಟೆಯುರಿ. "ಇಷ್ಟೆಲ್ಲ ನಾನು ಎತ್ತಿಡಬೇಕಾ?" ಎತ್ತಿಡಪ್ಪಾ. ಈ ಚೆಲ್ಲಾಪಿಲ್ಲಿ ನೋಡಿ ಇಷ್ಟು ಖುಷಿಯಾಗುತ್ತದೆಂದು ಗೊತ್ತೇ ಇರಲಿಲ್ಲ.

ವಾರದ ಅಂಕಿ ಕಳಿಸಿದೆ.

ಫೆಬ್ರವರಿ 20

ಸಾಹೇಬರ ಫೋನ್. "ಮೂರು ವರ್ಷ ಸೊನ್ನೆ, ಪತ್ರ ಬಂದ ವಾರಕ್ಕೆ ಹದಿನೇಳು? ನಮ್ಮ ಕಿವಿಗೆ ಹೂವು ಇಡ್ಬೇಡಿ ಮೇಡಂ. ಒಂದಿನ ಬಂದು ನಾನೇ ನೋಡ್ತೀನಿ."

ಸುಳ್ಳನ್ನು ಮೂರು ವರ್ಷ ನಂಬಿದರು. ನಿಜ ಹೇಳಿದ ವಾರಕ್ಕೇ ಕಳ್ಳಿಯಾದೆ.

ಬರಲಿ. ನೋಡಲಿ.

ಫೆಬ್ರವರಿ 26, ಬುಧವಾರ

ಬರೆಯಲು ಕೈ ಬರುತ್ತಿಲ್ಲ.

ಬುಧವಾರ ಮಕ್ಕಳ ಕಥಾ ಸಮಯ. ಹಿಂದಿನ ಕೋಣೆಯಲ್ಲಿ ಇಪ್ಪತ್ತಮೂರು ಮಕ್ಕಳು, ನಾನು ಕರಡಿಯಾಗಿ ಗುರುಗುಡುತ್ತಿದ್ದೆ. ಮೂರು ಗಂಟೆಯ ಹೊತ್ತಿಗೆ ಸಾಹೇಬರ ಜೀಪು ಗೇಟಿನಲ್ಲಿ ನಿಂತಿತಂತೆ. ಗಡಿಯಾರ ಕಿಟಕಿಯಿಂದ ನೋಡಿ ಓದುವ ಕೋಣೆಗೆ ಓಡಿದ. "ಇನ್‌ಸ್ಪೆಕ್ಷನ್! ಮೇಡಂ ಕೆಲ್ಸಕ್ಕೆ ಕುತ್ತು!" ಅಷ್ಟೇ ಹೇಳಿದ್ದು. ಉಳಿದದ್ದನ್ನು ಓದುಗರೇ ಮಾಡಿದರು.

ಹೊರಗೆ ಬಂದಾಗ ಆರು ಮೇಜೂ ಬೋಳು. ಕಪಾಟಿನಲ್ಲಿ ಪ್ರತಿ ಪುಸ್ತಕವೂ ಅದರದರ ಜಾಗದಲ್ಲಿ, ಅಂಚಿಗೆ ಅಂಚು ಸರಿಯಾಗಿ. ಹದಿನಾಲ್ಕು ಜನ ಕೈಕಟ್ಟಿ ಕೂತಿದ್ದಾರೆ, ಪ್ರಾರ್ಥನೆಗೆ ಕೂತ ಹಾಗೆ. ಟೈಲರಮ್ಮ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು.

"ಒಳ್ಳೇ ನೀಟಾಗಿ ಇಟ್ಟಿದ್ದೀರಿ," ಎಂದರು ಸಾಹೇಬರು. ಮನಸಾರೆ ಹೊಗಳಿದರು. "ಆದ್ರೆ ಇವ್ರ್ಯಾರೂ ಓದೋಕೆ ಬರೋರಲ್ಲ ಬಿಡಿ. ಫ್ಯಾನ್ ಇದೆ, ಕೂರ್ತಾರೆ."

"ಸರ್, ಈಗಷ್ಟೇ ಎಲ್ಲ ಎತ್ತಿಟ್ರು. ಬೇಕಾದ್ರೆ ಅವರನ್ನೇ ಕೇಳಿ."

ಕೇಳಿದರು. ಕಾಂಪೌಂಡರ್ ಎದ್ದು ನಿಂತು, "ಇಲ್ಲ ಸಾರ್, ನಾವು ಮೇಜಿನ ಮೇಲೆ ಯಾವತ್ತೂ ಒಂದು ಪುಸ್ತಕ ಬಿಟ್ಟಿಲ್ಲ. ಮೇಡಂ ಬಿಡೋಕೂ ಬಿಡಲ್ಲ," ಎಂದರು. ನನಗಾಗಿ. ಆ ಮನುಷ್ಯ ಜೀವಮಾನದಲ್ಲಿ ಹೇಳಿದ ಒಂದೇ ಸುಳ್ಳಿರಬೇಕು.

ಸಾಹೇಬರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಪೆನ್ನು ತೆಗೆದರು. ಏಳನೇ ಕಾಲಂನಲ್ಲಿ ಅವರ ಕೈಯಾರೆ ಒಂದು ಸೊನ್ನೆ.

ಜೀಪು ಹೋದ ಮೇಲೆ ಚಪ್ಪಾಳೆ. ನನಗೆ!

ಫೆಬ್ರವರಿ 27

ಆದೇಶ ಬಂತು. ನಾಳೆಯೇ ಕೊನೆಯ ಮಧ್ಯಾಹ್ನ. ಜೊತೆಗೆ ಇನ್ನೊಂದು ಹಾಳೆ: ಶಾಖೆಯ ಅಚ್ಚುಕಟ್ಟಿಗಾಗಿ ನನಗೆ ಮೆಚ್ಚುಗೆ ಪತ್ರ. ಮಗಳು ಓದಿ, "ಫ್ರೇಮ್ ಹಾಕ್ಸೋಣಮ್ಮಾ" ಎಂದಳು, ತಮಾಷೆಗೆ. ಅವಳ ಮೇಲೆ ಕೂಗಾಡಿದೆ. ಪಾಪ, ಅವಳದೇನು ತಪ್ಪು.

ಫೆಬ್ರವರಿ 28, ಶುಕ್ರವಾರ

ಗೇಟಿನ ನೋಟೀಸ್ ನೋಡಿ ಎಲ್ಲರೂ ಸಾಹೇಬರನ್ನು ಬೈದರು. ಕಣ್ಣಿಲ್ಲದವನು, ಕರುಳಿಲ್ಲದವನು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ನನ್ನ ಪಾಲಿನ ಬೈಗುಳವನ್ನೂ ಆತನೇ ತಿನ್ನುತ್ತಿದ್ದ.

ಟೈಲರಮ್ಮ ಐನೂರ ತೊಂಬತ್ತೆರಡರಲ್ಲಿ ನಿಂತಳು. ಇನ್ನು ನಲವತ್ತೆಂಟು ಪುಟ. ಬೆಳಗಿನ ಹೊತ್ತು ಅವಳಿಗೆ ಅಂಗಡಿ ಬಿಡುವುದಿಲ್ಲ. ನನ್ನ ಕಾರ್ಡಿನ ಮೇಲೆ ಕೊಡುತ್ತೇನೆ, ಮನೆಗೆ ಒಯ್ಯಿ ಎಂದೆ. ಹನ್ನೊಂದು ವರ್ಷದಲ್ಲಿ ನಾನು ಮುರಿಯಹೊರಟ ಮೊದಲ ನಿಯಮ. ಗಾಬರಿಯಾದಳು.

"ಅಯ್ಯೋ ಬೇಡಿ ಮೇಡಂ! ಮೊನ್ನೆ ಅಷ್ಟು ಕಷ್ಟಪಟ್ಟು ನಿಮ್ಮ ಕೆಲ್ಸ ಉಳಿಸಿದ್ದೀವಿ. ನನ್ನಿಂದ ನಿಮ್ಗೆ ಕೆಟ್ಟ ಹೆಸರು ಬರೋದು ಬೇಡ."

"ಕಥೆ ಕೊನೆಗೆ ಏನಾಯ್ತು ಅಂತ ನಾನು ಹೇಳ್ಲಾ?"

"ಬೇಡಿ. ನಾನೇ ಓದ್ಬೇಕು. ಯಾವಾಗ್ಲಾದ್ರೂ."

ಇವತ್ತಾದರೂ ನಿಜ ಹೇಳಬೇಕು ಎಂದು ಎದ್ದು ಅವಳ ಹಿಂದೆಯೇ ಕಪಾಟಿನವರೆಗೆ ಹೋದೆ. ಅವಳು ಪುಸ್ತಕವನ್ನು ನಿಧಾನವಾಗಿ ಒಳಗೆ ಸರಿಸಿ, ಅಕ್ಕಪಕ್ಕದವುಗಳ ಸಾಲಿಗೆ ತಂದು, ಸೆರಗಿನಿಂದ ಬೆನ್ನು ಒರೆಸಿದಳು. ತಿರುಗಿ ಕೇಳಿದಳು, "ಸರಿಯಾದ ಜಾಗದಲ್ಲೇ ಇಟ್ಟೆ ಅಲ್ವಾ ಮೇಡಂ?"

ಹೌದು ಎಂದೆ. ಆಮೇಲೆ ಹೇಳಬೇಕಾದ್ದನ್ನು ಹೇಳದೆಯೇ ಐದಕ್ಕೆ ಬಾಗಿಲು ಹಾಕಿದೆ; ಆರು ಮೇಜೂ ಖಾಲಿ, ಮನೆಯಲ್ಲಿ ಊಟ ರುಚಿಸಲಿಲ್ಲ.