ಹೊದಿಕೆಯಡಿಯ ಆಟ

ಅಪ್ಪಾ,

ನೀನು ಒಳ್ಳೆಯ ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ನಾನು ಕೆಲಸಕ್ಕೆ ಹೊರಟೆ.

ಬೆಕ್ಕಿನ ಮರಿಗೆ ಮೊದಲು ಹೊಟ್ಟೆ ತುಂಬ ತಿನ್ನಿಸು. ಹಸಿದರೆ ಅಜ್ಜಿಯ ಉಣ್ಣೆ ಶಾಲನ್ನು ತಾಯಿಯ ಮೊಲೆಯೆಂದುಕೊಂಡು ಚೀಪುತ್ತದೆ. ಆಗ ಗದರಬೇಡ, ಮೆಲ್ಲಗೆ ಬಿಡಿಸಿ ನನ್ನ ಹಳೆಯ ಹತ್ತಿ ಬಟ್ಟೆ ಕೊಡು. ಉಣ್ಣೆಯ ಎಳೆ ಹೊಟ್ಟೆಗೆ ಹೋದರೆ ಕಷ್ಟ. "ಚೀಪಲಿ ಬಿಡೋ, ನಿನ್ನ ಗಂಟೇನು ಹೋಗುತ್ತೆ" ಎಂದು ಅಜ್ಜಿ ಹೇಳಿದರೂ ಕೇಳಬೇಡ.

ಹೊದಿಕೆಯೊಳಗೆ ಬೆರಳಾಡಿಸಿ ಮರಿಯನ್ನು ಅದರ ಮೇಲೆ ಹಾರಿಸುವ ನಿನ್ನ ಆಟ ಇನ್ನು ಸಾಕು. ಹೊದಿಕೆಯಡಿ ಅಲುಗಿದ್ದೆಲ್ಲ ಬೇಟೆಯೆಂದು ನೀನೇ ಕಲಿಸಿದೆ. ನಿನ್ನ ಕೈ ಯಾವುದು, ಅಜ್ಜಿಯ ಪಾದ ಯಾವುದು ಎಂದು ಅದಕ್ಕೇನು ಗೊತ್ತು? ಕಚ್ಚಿದರೆ ಕೈ ಎಳೆಯದೆ ಸುಮ್ಮನಿರು, ಬಿಟ್ಟ ಮೇಲೆ ಎದ್ದು ಹೋಗು. ಆಡಲೇಬೇಕೆಂದರೆ ಕೋಲಿಗೆ ಚಿಂದಿ ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದೇನೆ.

ಅಜ್ಜಿಗೆ ಸಕ್ಕರೆ ಕಾಯಿಲೆ, ಗಾಯ ಬೇಗ ಮಾಯುವುದಿಲ್ಲ. ಅವಳ ಕಾಲಲ್ಲಿ ಇನ್ನೊಂದು ಗೀರು ಕಂಡರೆ ಮರಿಯನ್ನು ನೀನು ಎತ್ತಿಕೊಂಡು ಬಂದ ಮರದ ಮಿಲ್ಲಿನಲ್ಲೇ ಬಿಟ್ಟು ಬರುತ್ತೇನೆಂದು ಅಮ್ಮ ಹೇಳಿದ್ದು ತಮಾಷೆಗಲ್ಲ. ಅವಳದು ತಪ್ಪು ಎನ್ನಲು ನನಗೂ ಬಾಯಿಲ್ಲ.

ಎಂದೂ ಕಾಲುಚೀಲ ಹಾಕದ ಅಜ್ಜಿ ಈ ಬೆಳಿಗ್ಗೆ ಹಾಕಿಕೊಂಡು ಕೂತಿದ್ದಾಳೆ. ಕೇಳಿದರೆ "ಚಳಿ ಕಣೇ" ಎಂದಳು. ಮರಿ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು. ಕಾಲುಚೀಲ ಬಿಚ್ಚಿ ನೋಡಲು ನನಗೆ ಧೈರ್ಯ ಬರಲಿಲ್ಲ.

ನೀನು ನೋಡು. ಗೀರಿದ್ದರೆ ತೊಳೆದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಅಮ್ಮ ತರಕಾರಿ ಮಾರಿ ಬಂದಾಗ ಅವಳಿಗೆ ಏನು ಹೇಳುವುದೋ ನನಗಂತೂ ತೋಚುತ್ತಿಲ್ಲ.

ಮರಿಗೆ ತಿನ್ನಿಸುವುದನ್ನು ಮಾತ್ರ ಮರೆಯಬೇಡ.